‘ಬೈಬಲ್‌ನಲ್ಲಿ ಎಲ್ಲಿದೆ?’ ಎಂದು ಕೇಳಿದಾಗ: 73 ಪುಸ್ತಕಗಳೂ 66 ಪುಸ್ತಕಗಳೂ

ಯುವಜನರ ಪಾಠ – ನವೆಂಬರ್ ತಿಂಗಳು



ನವೆಂಬರ್ ಬಂತೆಂದರೆ ನಮ್ಮ ಧರ್ಮಕೇಂದ್ರದಲ್ಲಿ ಸಮಾಧಿಗಳಿಗೆ ಸುಣ್ಣ ಬೀಳುತ್ತದೆ. 2ನೇ ತಾರೀಖು ಚೆಂಡುಹೂವು, ಮೇಣದಬತ್ತಿ ಹಿಡಿದು ನಾವೆಲ್ಲ ಹೋಗುತ್ತೇವೆ. ಅಜ್ಜ ಅಜ್ಜಿಯರ ಹೆಸರು ಹೇಳಿ ಪೂಜೆ ಕೊಡಿಸುತ್ತೇವೆ. ಇದೇ ತಿಂಗಳಲ್ಲಿ ನಮ್ಮ ಯುವಜನರಿಗೆ ಒಂದು ಪ್ರಶ್ನೆಯೂ ಎದುರಾಗುತ್ತದೆ. ಕಾಲೇಜಿನ ಗೆಳೆಯರು, ಕಾರ್ಖಾನೆಯಲ್ಲಿ ಒಂದೇ ಶಿಫ್ಟ್‌ನಲ್ಲಿ ಇರುವವರು, ಕೆಲವು ಮನೆಗಳಲ್ಲಿ ಅಳಿಯನೋ ಸೊಸೆಯೋ ಕೇಳುತ್ತಾರೆ: “ಸತ್ತವರಿಗಾಗಿ ಪ್ರಾರ್ಥನೆ ಮಾಡುತ್ತೀರಲ್ಲ, ಅದು ಬೈಬಲ್‌ನಲ್ಲಿ ಎಲ್ಲಿದೆ?”

ಕೇಳುವವರೂ ಕ್ರೈಸ್ತರೇ. ಬೈಬಲ್ ಅನ್ನು ನಮಗಿಂತ ಹೆಚ್ಚು ಓದಿದವರೂ ಇರುತ್ತಾರೆ. ಉತ್ತರ ಗೊತ್ತಿಲ್ಲದೆ ನಮ್ಮಲ್ಲಿ ಕೆಲವರು ನಕ್ಕು ಸುಮ್ಮನಾಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಇನ್ನು ಕೆಲವರು ‘ನಮ್ಮವರು ಹೇಳಿಕೊಟ್ಟಿದ್ದೆಲ್ಲ ಬರೀ ಪದ್ಧತಿಯೇ ಇರಬೇಕು’ ಎಂದುಕೊಂಡು ಮೆಲ್ಲಗೆ ಪೂಜೆಗೆ ಬರುವುದನ್ನೇ ಬಿಡುತ್ತಾರೆ. ಮನೆಯ ಅರ್ಧ ಜನ ಸಮಾಧಿಯ ಬಳಿ, ಉಳಿದರ್ಧ ಜನ ಗೇಟಿನ ಹೊರಗೆ ನಿಂತಿರುವುದನ್ನು ನಾವು ನೋಡಿದ್ದೇವೆ. ಆದ್ದರಿಂದ ಈ ತಿಂಗಳ ಪಾಠಕ್ಕೆ ಇದೇ ಪ್ರಶ್ನೆಯನ್ನು ತೆಗೆದುಕೊಂಡಿದ್ದೇವೆ.

ಪಾಠಕ್ಕೆ ಮುಂಚೆ ಮನೆಯಲ್ಲಿ ಮೂರು ಭಾಗಗಳನ್ನು ಓದಿಕೊಳ್ಳಿ: ಮಕ್ಕಬಿಯರ ಎರಡನೆಯ ಗ್ರಂಥ 12ನೇ ಅಧ್ಯಾಯದ ಕೊನೆಯ ಭಾಗ, ಸಿರಾಖನ ಗ್ರಂಥದ ಮುನ್ನುಡಿ, ಪ್ರೇಷಿತರ ಕಾರ್ಯಕಲಾಪಗಳು 15ನೇ ಅಧ್ಯಾಯ.

ಪ್ರಶ್ನೆಯೊಳಗಿನ ಪ್ರಶ್ನೆ

ಮೊದಲು ನೇರ ಉತ್ತರ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಯೂದನೆಂಬ ಸೇನಾಪತಿಯ ಕಥೆ ಬರುತ್ತದೆ. ಯುದ್ಧ ಮುಗಿದ ಮೇಲೆ ಸತ್ತ ತನ್ನ ಸೈನಿಕರನ್ನು ಹೂಳಲು ಹೋದಾಗ, ಅವರ ಅಂಗಿಗಳೊಳಗೆ ವಿಗ್ರಹಗಳ ತಾಯಿತಗಳು ಸಿಗುತ್ತವೆ. ತಮ್ಮವರೇ, ತಮಗಾಗಿ ಸತ್ತವರೇ. ಆದರೆ ತಪ್ಪು ಮಾಡಿದ್ದರು. ಯೂದ ಅವರನ್ನು ಶಪಿಸಲಿಲ್ಲ. ಎಲ್ಲರೂ ಸೇರಿ ಪ್ರಾರ್ಥಿಸಿದರು. ಬೆಳ್ಳಿಯ ಸುಮಾರು 2000 ದ್ರಾಖ್ಮಾ ಹಣ ಕೂಡಿಸಿ, ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳಿಸಿದರು. ಸತ್ತವರು ಎದ್ದುಬರುತ್ತಾರೆಂಬ ನಂಬಿಕೆ ಇಲ್ಲದಿದ್ದರೆ ಹೀಗೆ ಪ್ರಾರ್ಥಿಸುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ ಎಂಬುದು ಆ ಗ್ರಂಥದ ವಾದ.

ಇದನ್ನು ಗೆಳೆಯನಿಗೆ ತೋರಿಸಿದರೆ ಅವನು ತನ್ನ ಬೈಬಲ್ ತೆರೆದು, “ಈ ಪುಸ್ತಕವೇ ನಮ್ಮಲ್ಲಿ ಇಲ್ಲವಲ್ಲ” ಎನ್ನುತ್ತಾನೆ. ಅವನು ಹೇಳುವುದು ನಿಜ. ಹೊಸ ಒಡಂಬಡಿಕೆಯ 27 ಪುಸ್ತಕಗಳು ಇಬ್ಬರಿಗೂ ಒಂದೇ. ಹಳೆಯ ಒಡಂಬಡಿಕೆಯಲ್ಲಿ ಅವರಿಗೆ 39, ನಮಗೆ 46. ತೊಬೀತ, ಯೂದಿತ, ಮಕ್ಕಬಿಯರ ಎರಡು ಗ್ರಂಥಗಳು, ಸುಜ್ಞಾನ ಗ್ರಂಥ, ಸಿರಾಖ, ಬಾರೂಖ ಎಂಬ ಏಳು ಪುಸ್ತಕಗಳು ನಮ್ಮಲ್ಲಿ ಹೆಚ್ಚು. ಎಸ್ತೇರ್ ಮತ್ತು ದಾನಿಯೇಲ ಗ್ರಂಥಗಳಲ್ಲೂ ಕೆಲವು ಭಾಗಗಳು ಹೆಚ್ಚಾಗಿವೆ.

ಹಾಗಾಗಿ ‘ಬೈಬಲ್‌ನಲ್ಲಿ ಎಲ್ಲಿದೆ?’ ಎಂಬ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ: ಯಾವ ಪುಸ್ತಕಗಳು ಬೈಬಲ್‌ಗೆ ಸೇರಿದವು ಎಂದು ಹೇಳಿದವರು ಯಾರು? ಬೈಬಲ್‌ನ ಯಾವ ಪುಸ್ತಕದೊಳಗೂ ಈ ಪಟ್ಟಿ ಇಲ್ಲ. ಮುಂದಿನ ಪುಟದಲ್ಲಿರುವ ಪರಿವಿಡಿ ಧರ್ಮಸಭೆಯ ಬದುಕಿನಿಂದ ಬಂದದ್ದು.

ಅಜ್ಜನ ಪುಸ್ತಕ, ಮೊಮ್ಮಗನ ಭಾಷೆ

ಈ ಏಳು ಪುಸ್ತಕಗಳು ಎಲ್ಲಿಂದ ಬಂದವು? ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಲಕ್ಷಾಂತರ ಯೆಹೂದ್ಯರು ತಮ್ಮ ನಾಡಿನಿಂದ ಹೊರಗೆ, ಈಜಿಪ್ತಿನ ಅಲೆಕ್ಸಾಂಡ್ರಿಯದಂಥ ಪಟ್ಟಣಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದರು. ಅಲ್ಲಿ ಬೀದಿಯ ಭಾಷೆ, ಶಾಲೆಯ ಭಾಷೆ, ಕಚೇರಿಯ ಭಾಷೆ ಎಲ್ಲವೂ ಗ್ರೀಕ್. ಮಕ್ಕಳಿಗೆ ಹೀಬ್ರೂ ಬರುತ್ತಿರಲಿಲ್ಲ. ಆದ್ದರಿಂದ ಪವಿತ್ರಗ್ರಂಥವನ್ನು ಗ್ರೀಕಿಗೆ ಅನುವಾದಿಸಿಕೊಂಡರು. ‘ಎಪ್ಪತ್ತು’ ಎಂಬ ಅರ್ಥದ ಸೆಪ್ಟುಅಜಿಂಟ್ ಎಂಬ ಹೆಸರು ಅದಕ್ಕೆ ಬಂತು. ಎಪ್ಪತ್ತು ಮಂದಿ ವಿದ್ವಾಂಸರು ಅನುವಾದಿಸಿದರೆಂಬುದು ಹಳೆಯ ಐತಿಹ್ಯ. ನಮ್ಮ ಏಳು ಪುಸ್ತಕಗಳು ಕ್ರೈಸ್ತರಿಗೆ ಬಂದದ್ದು ಈ ಗ್ರೀಕ್ ಗ್ರಂಥಗಳ ಜೊತೆಯಲ್ಲಿ.

ಸಿರಾಖನ ಗ್ರಂಥದ ಮುನ್ನುಡಿಯನ್ನು ಬರೆದವನು ಮೂಲ ಲೇಖಕನ ಮೊಮ್ಮಗ. ಅಜ್ಜ ಜೆರುಸಲೇಮಿನಲ್ಲಿ ಹೀಬ್ರೂವಿನಲ್ಲಿ ಬರೆದಿದ್ದರು. ಮೊಮ್ಮಗ ಸುಮಾರು ಕ್ರಿಸ್ತಪೂರ್ವ 132ರಲ್ಲಿ ಈಜಿಪ್ತಿಗೆ ಬಂದು, ಅಲ್ಲಿಯವರಿಗೆ ತಿಳಿಯಲೆಂದು ನಿದ್ದೆಗೆಟ್ಟು ಅದನ್ನು ಗ್ರೀಕಿಗೆ ಇಳಿಸಿದ. ಒಂದು ಭಾಷೆಯ ಮಾತಿನ ಬಲ ಇನ್ನೊಂದರಲ್ಲಿ ಪೂರ್ತಿ ಬರುವುದಿಲ್ಲ, ಕೊರತೆ ಕಂಡರೆ ಕ್ಷಮಿಸಿ ಎಂದು ಓದುಗರನ್ನು ಕೇಳಿಕೊಳ್ಳುತ್ತಾನೆ. ಕನ್ನಡದಲ್ಲಿ ಜಪಸರ ಹೇಳುವ ಅಜ್ಜಿ, ತಮಿಳು ಮಾಧ್ಯಮದಲ್ಲಿ ಓದುವ ಮೊಮ್ಮಕ್ಕಳು ಒಂದೇ ಮನೆಯಲ್ಲಿರುವ ನಮಗೆ ಈ ಮುನ್ನುಡಿ ಬೇಗ ಅರ್ಥವಾಗಬೇಕು.

ಹೊಸ ಒಡಂಬಡಿಕೆಯನ್ನು ಬರೆದವರು ಹಳೆಯ ಒಡಂಬಡಿಕೆಯ ಮಾತುಗಳನ್ನು ಎತ್ತಿ ಹೇಳುವಾಗ ಹೆಚ್ಚಾಗಿ ಬಳಸಿದ್ದು ಈ ಗ್ರೀಕ್ ಅನುವಾದವನ್ನೇ. ಹಿಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ 35ನೇ ವಚನದಲ್ಲಿ, ಮೇಲಾದ ಪುನರುತ್ಥಾನಕ್ಕಾಗಿ ಚಿತ್ರಹಿಂಸೆಯನ್ನು ಸಹಿಸಿದವರ ಮಾತು ಬರುತ್ತದೆ. ಅದು ಮಕ್ಕಬಿಯರ ಎರಡನೆಯ ಗ್ರಂಥದ 7ನೇ ಅಧ್ಯಾಯದ ತಾಯಿ ಮತ್ತು ಏಳು ಮಕ್ಕಳನ್ನು ನೆನಪಿಸುತ್ತದೆ. ಪ್ರಾಟೆಸ್ಟೆಂಟ್ ವಿದ್ವಾಂಸರಲ್ಲಿ ಅನೇಕರು ಇದನ್ನು ಒಪ್ಪುತ್ತಾರೆ. ಆದರೆ ಒಂದು ಪುಸ್ತಕದ ನೆರಳು ಹೊಸ ಒಡಂಬಡಿಕೆಯಲ್ಲಿ ಕಾಣುತ್ತದೆ ಎಂದಮಾತ್ರಕ್ಕೆ ಅದು ಪವಿತ್ರಗ್ರಂಥವೆಂದು ಸಾಬೀತಾಗುವುದಿಲ್ಲ. ಯೂದನ ಪತ್ರವು ಹನೋಕನ ಗ್ರಂಥವನ್ನೂ ಉಲ್ಲೇಖಿಸುತ್ತದೆ. ಇಥಿಯೋಪಿಯದ ಆರ್ಥೊಡಾಕ್ಸ್ ಧರ್ಮಸಭೆಯ ಬೈಬಲ್‌ನಲ್ಲಿ ಹನೋಕನ ಗ್ರಂಥ ಇದೆ, ನಮ್ಮಲ್ಲಿ ಇಲ್ಲ. ಹಾಗಾಗಿ ಒಂದು ವಚನ ತೋರಿಸಿ ಈ ಚರ್ಚೆ ಮುಗಿಸಲು ಯಾರಿಗೂ ಸಾಧ್ಯವಿಲ್ಲ.

ಇಬ್ಬರು ಸಂತರ ಭಿನ್ನಾಭಿಪ್ರಾಯ

ಈ ಪುಸ್ತಕಗಳ ಬಗ್ಗೆ ವಾದ ಶುರುವಾದದ್ದು ಮಾರ್ಟಿನ್ ಲೂಥರ್‌ರಿಂದ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದಕ್ಕೆ ಸಾವಿರ ವರ್ಷ ಮೊದಲೇ ಇಬ್ಬರು ಮಹಾಸಂತರ ನಡುವೆ ಈ ವಾದ ನಡೆದಿತ್ತು.

ಸಂತ ಜೆರೋಮರು ಬೆತ್ಲೆಹೇಮಿನಲ್ಲಿ ಕುಳಿತು ಹಳೆಯ ಒಡಂಬಡಿಕೆಯನ್ನು ನೇರವಾಗಿ ಹೀಬ್ರೂವಿನಿಂದ ಲ್ಯಾಟಿನ್ನಿಗೆ ಅನುವಾದಿಸುತ್ತಿದ್ದರು. ಹೀಬ್ರೂ ಪಟ್ಟಿಯಲ್ಲಿ ಇಲ್ಲದ ಪುಸ್ತಕಗಳನ್ನು ಓದಬಹುದು, ಆದರೆ ಸಿದ್ಧಾಂತಕ್ಕೆ ಆಧಾರವಾಗಿ ಹಿಡಿಯಬಾರದು ಎಂಬುದು ಅವರ ನಿಲುವು. ಉತ್ತರ ಆಫ್ರಿಕದ ಹಿಪ್ಪೊ ನಗರದ ಧರ್ಮಾಧ್ಯಕ್ಷರಾದ ಸಂತ ಅಗಸ್ಟಿನರು ಇದನ್ನು ಒಪ್ಪಲಿಲ್ಲ. ಧರ್ಮಸಭೆಗಳು ಪೂಜೆಯಲ್ಲಿ ಓದುತ್ತ ಬಂದ ಪುಸ್ತಕಗಳು ಯಾವುವು, ಹೆಚ್ಚು ಧರ್ಮಸಭೆಗಳು ಸ್ವೀಕರಿಸಿದ್ದು ಯಾವುದು ಎಂಬುದೇ ಅವರಿಗೆ ಅಳತೆಗೋಲು.

ಅವರ ಪತ್ರವ್ಯವಹಾರದಲ್ಲಿ ಒಂದು ಸ್ವಾರಸ್ಯದ ಘಟನೆ ಇದೆ. ಸುಮಾರು 403ರಲ್ಲಿ ಅಗಸ್ಟಿನರು ಜೆರೋಮರಿಗೆ ಬರೆದರು: ಒಯ ಎಂಬ ಊರಿನಲ್ಲಿ (ಇಂದಿನ ಲಿಬಿಯದ ಟ್ರಿಪೋಲಿ) ನಿಮ್ಮ ಹೊಸ ಅನುವಾದದಿಂದ ಯೋನನ ಗ್ರಂಥವನ್ನು ಓದಿಸಲಾಯಿತು. ಯೋನನಿಗೆ ನೆರಳು ಕೊಟ್ಟ ಗಿಡವನ್ನು ಹಿಂದಿನಿಂದಲೂ ಸೋರೆಬಳ್ಳಿ ಎಂದು ಕೇಳುತ್ತಿದ್ದ ಜನ, ನೀವು ಬೇರೆ ಬಳ್ಳಿಯ ಹೆಸರು ಬಳಸಿದ್ದಕ್ಕೆ ಗಲಾಟೆ ಎಬ್ಬಿಸಿದರು. ಧರ್ಮಾಧ್ಯಕ್ಷರಿಗೆ ಜನವೇ ಇಲ್ಲದಂತಾಗುವ ಪರಿಸ್ಥಿತಿ ಬಂತು. ಇಂದು ಅನೇಕ ವಿದ್ವಾಂಸರು ಆ ಗಿಡವನ್ನು ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಹರಳುಗಿಡ ಎಂದು ಗುರುತಿಸುತ್ತಾರೆ. ಹಳೆಯ ಹಾಡಿನ ಒಂದು ಪದ ಬದಲಾದರೆ ಗಾಯನವೃಂದದಲ್ಲಿ ಏನಾಗುತ್ತದೆ ಎಂದು ಬಲ್ಲ ನಾವು ಒಯ ಊರಿನವರನ್ನು ನೋಡಿ ನಗುವಂತಿಲ್ಲ.

ಮುಂದೇನಾಯಿತು? 393ರಲ್ಲಿ ಹಿಪ್ಪೊದಲ್ಲಿ, 397ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಪ್ರಾಂತೀಯ ಧರ್ಮಸಮ್ಮೇಳನಗಳು ಈ ಪುಸ್ತಕಗಳನ್ನು ಒಳಗೊಂಡ ಪಟ್ಟಿಯನ್ನೇ ಒಪ್ಪಿದವು. 405ರಲ್ಲಿ ಜಗದ್ಗುರು ಒಂದನೆಯ ಇನ್ನೊಸೆಂಟರು ಬರೆದ ಪತ್ರದಲ್ಲೂ ಅದೇ ಪಟ್ಟಿ ಇದೆ. ಜೆರೋಮರು ತಮ್ಮ ಅಭಿಪ್ರಾಯವನ್ನು ಮುಚ್ಚಿಡಲಿಲ್ಲ. ಆದರೂ ಧರ್ಮಾಧ್ಯಕ್ಷರು ಕೇಳಿಕೊಂಡಾಗ ತೊಬೀತನ ಗ್ರಂಥವನ್ನು ಅನುವಾದಿಸಿಕೊಟ್ಟರು, ಅದೂ ಒಂದೇ ದಿನದ ಕೆಲಸದಲ್ಲಿ. ತಾವು ಒಪ್ಪದ ವಿಷಯದಲ್ಲೂ ಧರ್ಮಸಭೆಗೆ ಬೇಕಾದ ಕೆಲಸ ಮಾಡಿದರು. ಇಬ್ಬರೂ ಇಂದು ನಮಗೆ ಸಂತರು, ಇಬ್ಬರೂ ಧರ್ಮಸಭೆಯ ಮಹಾಪಂಡಿತರು.

1519ರಿಂದ 1546ರವರೆಗೆ

ಸಾವಿರ ವರ್ಷ ಈ ಪುಸ್ತಕಗಳನ್ನು ಪೂಜೆಯಲ್ಲಿ ಓದಲಾಯಿತು. 1442ರಲ್ಲಿ ಫ್ಲಾರೆನ್ಸ್ ಮಹಾಸಮ್ಮೇಳನದಲ್ಲೂ ಇದೇ ಪಟ್ಟಿ ಹೇಳಲ್ಪಟ್ಟಿತು. ಆದರೂ ಪಂಡಿತರಲ್ಲಿ ಕೆಲವರು ಜೆರೋಮರ ಅಭಿಪ್ರಾಯವನ್ನೇ ಹಿಡಿದಿದ್ದರು. ಲೂಥರ್‌ರನ್ನು 1518ರಲ್ಲಿ ಎದುರಿಗೆ ಕೂರಿಸಿ ವಿಚಾರಿಸಿದ ಕಾರ್ಡಿನಲ್ ಕಜೆತಾನರೇ ಅಂಥವರಲ್ಲಿ ಒಬ್ಬರು.

1519ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಲೂಥರ್ ಮತ್ತು ಯೋಹಾನ್ ಎಕ್ ನಡುವೆ ದೊಡ್ಡ ವಾದ ನಡೆಯಿತು. ಶುದ್ಧೀಕರಣ ಸ್ಥಳದ ಬಗ್ಗೆ ಮಾತು ಬಂದಾಗ ಎಕ್ ನಾವು ಮೇಲೆ ಓದಿದ ಮಕ್ಕಬಿಯರ ಭಾಗವನ್ನು ತೋರಿಸಿದರು. ಆ ಪುಸ್ತಕ ಹೀಬ್ರೂ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ವಾದದಲ್ಲಿ ಅದಕ್ಕೆ ಬಲವಿಲ್ಲ ಎಂಬುದು ಲೂಥರ್‌ರ ಉತ್ತರ. ಇಂದು ಕಾಲೇಜಿನ ಕ್ಯಾಂಟೀನಿನಲ್ಲಿ ನಮ್ಮವರಿಗೆ ಎದುರಾಗುವ ಸಂಭಾಷಣೆ ಅಂದೇ ನಡೆದುಹೋಗಿದೆ.

1534ರಲ್ಲಿ ಲೂಥರ್‌ರ ಪೂರ್ಣ ಜರ್ಮನ್ ಬೈಬಲ್ ಅಚ್ಚಾಯಿತು. ಈ ಪುಸ್ತಕಗಳನ್ನು ಅವರು ತೆಗೆದುಹಾಕಲಿಲ್ಲ. ಎರಡು ಒಡಂಬಡಿಕೆಗಳ ನಡುವೆ ಪ್ರತ್ಯೇಕವಾಗಿ ಇಟ್ಟು, ಇವು ಪವಿತ್ರಗ್ರಂಥಕ್ಕೆ ಸಮವಲ್ಲ, ಆದರೆ ಓದಲು ಒಳ್ಳೆಯವು ಎಂದರು. 1546ರ ಏಪ್ರಿಲ್ 8ರಂದು ಟ್ರೆಂಟ್ ಮಹಾಸಮ್ಮೇಳನವು 46 ಮತ್ತು 27 ಪುಸ್ತಕಗಳ ಪಟ್ಟಿಯನ್ನು ಕಟ್ಟುನಿಟ್ಟಾಗಿ ಘೋಷಿಸಿತು. ಅಲ್ಲಿಂದ ಮುಂದೆ ಕಥೋಲಿಕರಿಗೆ ಈ ವಿಷಯ ತೀರ್ಮಾನವಾಯಿತು.

1611ರ ಪ್ರಸಿದ್ಧ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲ್‌ನಲ್ಲೂ ಈ ಪುಸ್ತಕಗಳು ಪ್ರತ್ಯೇಕ ಭಾಗವಾಗಿ ಇದ್ದವು. 1826ರಲ್ಲಿ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿಯು ಈ ಪುಸ್ತಕಗಳ ಮುದ್ರಣಕ್ಕೆ ಇನ್ನು ಹಣ ಕೊಡುವುದಿಲ್ಲ ಎಂದು ನಿರ್ಧರಿಸಿತು. ಲೋಕದ ಅನೇಕ ಭಾಷೆಗಳಲ್ಲಿ ಬೈಬಲ್ ಅಚ್ಚಾಗುತ್ತಿದ್ದ ಕಾಲ ಅದು. ನಮ್ಮ ಕನ್ನಡಕ್ಕೂ ಇಡೀ ಬೈಬಲ್ ಬಂದದ್ದು ಆ ದಿನಗಳಲ್ಲೇ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ಶ್ರಮಿಸಿ ಅದನ್ನು ಕನ್ನಡಕ್ಕೆ ತಂದರು. ನಮ್ಮ ಪ್ರಾಟೆಸ್ಟೆಂಟ್ ಬಂಧುಗಳ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಸತ್ಯವೇದವು’ 66 ಪುಸ್ತಕಗಳದ್ದು. ನಿಮ್ಮ ಗೆಳೆಯ ಹುಟ್ಟಿನಿಂದ ಕಂಡದ್ದು ಆ ಬೈಬಲ್. ಅವನು ಯಾವ ಪುಸ್ತಕವನ್ನೂ ಹರಿದುಹಾಕಿಲ್ಲ.

ಇನ್ನೊಂದು ವಿಷಯ. ಹೀಬ್ರೂ ಮೂಲ ಇಲ್ಲ ಎಂಬುದು ಈ ಪುಸ್ತಕಗಳ ಮೇಲಿದ್ದ ಹಳೆಯ ಆಕ್ಷೇಪಗಳಲ್ಲಿ ಒಂದು. 1896ರಲ್ಲಿ ಇಬ್ಬರು ಸಹೋದರಿಯರು, ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್, ಪೂರ್ವದೇಶದ ಪ್ರವಾಸದಿಂದ ಕೇಂಬ್ರಿಡ್ಜಿಗೆ ತಂದ ಹಳೆಯ ಹಾಳೆಗಳಲ್ಲಿ ಒಂದನ್ನು ಸೊಲೊಮನ್ ಷೆಕ್ಟರ್ ಎಂಬ ಯೆಹೂದಿ ವಿದ್ವಾಂಸರು ನೋಡಿ, ಇದು ಸಿರಾಖನ ಹೀಬ್ರೂ ಎಂದು ಗುರುತಿಸಿದರು. ಮುಂದೆ ಕೈರೋದ ಹಳೆಯ ಯೆಹೂದಿ ಮಂದಿರದಲ್ಲಿ ಇನ್ನಷ್ಟು ಹಾಳೆಗಳು, 1964ರಲ್ಲಿ ಮಸಾದ ಕೋಟೆಯಲ್ಲಿ ಒಂದು ಸುರುಳಿಯ ಭಾಗಗಳು ಸಿಕ್ಕವು. ಮೃತಸಮುದ್ರದ ಗವಿಗಳಲ್ಲಿ ತೊಬೀತನ ಹೀಬ್ರೂ ಮತ್ತು ಅರಮಾಯಿಕ್ ತುಣುಕುಗಳೂ ದೊರೆತವು. ಇದರಿಂದ ಚರ್ಚೆ ಮುಗಿಯುವುದಿಲ್ಲ. ಪುಸ್ತಕ ಹಳೆಯದು ಎಂದು ವಿಜ್ಞಾನ ತೋರಿಸಬಲ್ಲದು. ಅದು ದೇವರ ವಾಕ್ಯ ಎಂದು ಹೇಳುವುದು ಪ್ರಯೋಗಾಲಯದ ಕೆಲಸವಲ್ಲ.

ಹಾಗಾದರೆ ಹೇಳುವವರು ಯಾರು?

ಪ್ರೇಷಿತರ ಕಾಲದಲ್ಲೇ ಇಂಥ ಬಿಕ್ಕಟ್ಟು ಬಂದಿತ್ತು. ಯೆಹೂದ್ಯರಲ್ಲದವರು ಕ್ರೈಸ್ತರಾಗಲು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬುದು ಪ್ರಶ್ನೆ. ಬೇಕು ಎನ್ನುವವರ ಕೈಯಲ್ಲಿ ಸ್ಪಷ್ಟವಾದ ವಚನ ಇತ್ತು. ಆದಿಕಾಂಡ 17ನೇ ಅಧ್ಯಾಯದಲ್ಲಿ ದೇವರು ಅದನ್ನು ಶಾಶ್ವತ ಒಡಂಬಡಿಕೆಯ ಗುರುತು ಎಂದಿದ್ದಾರೆ. ‘ಬೈಬಲ್‌ನಲ್ಲಿ ಎಲ್ಲಿದೆ?’ ಎಂಬ ಪ್ರಶ್ನೆಯೊಂದರಿಂದಲೇ ತೀರ್ಪು ಆಗುವುದಾಗಿದ್ದರೆ ಅವರೇ ಗೆಲ್ಲುತ್ತಿದ್ದರು.

ಜೆರುಸಲೇಮಿನಲ್ಲಿ ಪ್ರೇಷಿತರೂ ಹಿರಿಯರೂ ಸೇರಿದರು. ಬಹಳ ಚರ್ಚೆ ನಡೆಯಿತು. ಪೇತ್ರ ತಾನು ಕಂಡದ್ದನ್ನು ಹೇಳಿದ. ಬಾರ್ನಬ ಮತ್ತು ಪೌಲ ತಮ್ಮ ಅನುಭವವನ್ನು ಹೇಳುವಾಗ ಎಲ್ಲರೂ ಮೌನವಾಗಿ ಕೇಳಿದರು. ಕೊನೆಗೆ ಯಕೋಬ ಪ್ರವಾದಿ ಆಮೋಸನ ಮಾತನ್ನು ಎತ್ತಿ ತೋರಿಸಿದ. ಅವನು ಹೇಳಿದ ಮಾತು ಗ್ರೀಕ್ ಅನುವಾದಕ್ಕೆ ಹೊಂದುತ್ತದೆ. ನಮಗೆ ಬಂದಿರುವ ಹೀಬ್ರೂ ಪಾಠದಲ್ಲಿ ಇಸ್ರಯೇಲರು ಎದೋಮಿನಲ್ಲಿ ಉಳಿದವರನ್ನು ವಶಪಡಿಸಿಕೊಳ್ಳುವ ಮಾತಿದೆ. ಗ್ರೀಕಿನಲ್ಲಿ ಉಳಿದ ಮನುಷ್ಯರೆಲ್ಲ ದೇವರನ್ನು ಅರಸುವ ಮಾತಿದೆ. ಹೀಬ್ರೂವಿನಲ್ಲಿ ‘ಎದೋಮ್’ ಮತ್ತು ‘ಆದಾಮ್’ (ಮನುಷ್ಯ) ಬರವಣಿಗೆಯಲ್ಲಿ ಬಹಳ ಹತ್ತಿರದ ಪದಗಳು. ಪರನಾಡಿನ ಯೆಹೂದ್ಯರ ಅನುವಾದದಲ್ಲಿದ್ದ ಆ ಮಾತು ಅನ್ಯಜನರಿಗೆ ಬಾಗಿಲು ತೆರೆಯಲು ನೆರವಾಯಿತು. ಸಭೆಯು ಪವಿತ್ರಾತ್ಮರ ಹೆಸರಿನಲ್ಲಿ ತೀರ್ಮಾನವನ್ನು ಬರೆದು ಕಳಿಸಿತು.

ಧರ್ಮಸಭೆಯ ಬೋಧನಾಧಿಕಾರ ಎಂದರೆ ಇದೇ: ಗ್ರಂಥವನ್ನು ಓದುವುದು, ಸಾಕ್ಷ್ಯವನ್ನು ಕೇಳುವುದು, ಒಟ್ಟಾಗಿ ಪ್ರಾರ್ಥಿಸುವುದು, ಬಳಿಕ ಪ್ರೇಷಿತರ ಹೊಣೆ ಹೊತ್ತವರು ತೀರ್ಮಾನ ಹೇಳುವುದು. ‘ಹಾಗಾದರೆ ನಿಮ್ಮ ಧರ್ಮಸಭೆ ಬೈಬಲ್‌ಗಿಂತ ದೊಡ್ಡದೇ?’ ಎಂದು ಗೆಳೆಯ ಕೇಳುವುದು ಸಹಜ. ಅದಕ್ಕೆ ಧರ್ಮಸಭೆಯೇ ಎರಡು ಸಲ ಉತ್ತರ ಕೊಟ್ಟಿದೆ. ಧರ್ಮಸಭೆ ಒಪ್ಪಿದ್ದರಿಂದ ಈ ಗ್ರಂಥಗಳು ಪವಿತ್ರವಾದದ್ದಲ್ಲ, ದೇವರೇ ಅವುಗಳ ಕರ್ತೃವಾದ್ದರಿಂದ ಅವು ಪವಿತ್ರ ಎಂದು 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಮ್ಮೇಳನ ಹೇಳಿತು. ಬೋಧನಾಧಿಕಾರವು ದೇವರ ವಾಕ್ಯದ ಮೇಲೆ ಕೂತಿಲ್ಲ, ಅದರ ಸೇವೆಯಲ್ಲಿದೆ ಎಂದು 1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಮಹಾಸಮ್ಮೇಳನ ಹೇಳಿತು. ಮಗುವನ್ನು ಗುರುತಿಸುವ ತಾಯಿ ‘ಇದು ನನ್ನ ಮಗು’ ಎಂದು ಹೇಳುತ್ತಾಳೆ. ಹೇಳಿದ್ದರಿಂದ ಅದು ಅವಳ ಮಗುವಾದದ್ದಲ್ಲ, ಆದರೆ ಅವಳಷ್ಟು ನಿಶ್ಚಯವಾಗಿ ಹೇಳಬಲ್ಲವರು ಬೇರೆ ಯಾರೂ ಇಲ್ಲ.

ನಾವು ಏನು ಮಾಡೋಣ?

ಮೊದಲನೆಯದು, ಎರಡು ಮಾತುಗಳನ್ನು ಬಿಡೋಣ. ‘ಅವರು ಬೈಬಲ್‌ನಿಂದ ಏಳು ಪುಸ್ತಕ ಕಿತ್ತರು’ ಎನ್ನುವುದು ಬೇಡ. ಅದು ನಡೆದ ರೀತಿ ಹಾಗಿಲ್ಲ. ‘ಕಥೋಲಿಕರು 1546ರಲ್ಲಿ ಏಳು ಪುಸ್ತಕ ಸೇರಿಸಿದರು’ ಎಂದು ಯಾರಾದರೂ ಹೇಳಿದರೆ, 397 ಮತ್ತು 1442ರ ಪಟ್ಟಿಗಳನ್ನು ಮೃದುವಾಗಿ ನೆನಪಿಸೋಣ.

ಎರಡನೆಯದು, ಆ ಏಳು ಪುಸ್ತಕಗಳನ್ನು ಓದೋಣ. ನಾವು ಓದದ ಪುಸ್ತಕಕ್ಕಾಗಿ ಜಗಳವಾಡುವುದರಲ್ಲಿ ಅರ್ಥವಿಲ್ಲ. ತೊಬೀತನ ಗ್ರಂಥ 14 ಅಧ್ಯಾಯಗಳದ್ದು, ಒಂದು ಭಾನುವಾರ ಮಧ್ಯಾಹ್ನ ಸಾಕು. ಅನಾಥ ಶವಗಳನ್ನು ಹೂಳಿದ್ದಕ್ಕೆ ಕಷ್ಟ ಅನುಭವಿಸಿದವನ ಕಥೆ ಅದು. ಈ ತಿಂಗಳಿಗೆ ಹೇಳಿಮಾಡಿಸಿದ್ದು.

ಮೂರನೆಯದು, ಜೊತೆಯಾಗಿ ಮಾಡಿದ ಕೆಲಸವನ್ನೂ ತಿಳಿದುಕೊಳ್ಳೋಣ. 1968ರಲ್ಲಿ ವ್ಯಾಟಿಕನ್ನೂ ಬೈಬಲ್ ಸೊಸೈಟಿಗಳ ಒಕ್ಕೂಟವೂ ಒಟ್ಟಾಗಿ ಅನುವಾದ ಮಾಡುವ ನಿಯಮಗಳಿಗೆ ಒಪ್ಪಿದವು. ನಮ್ಮ ಧರ್ಮಪ್ರಾಂತ್ಯದ ತಮಿಳು ಸಹೋದರರು ಪೂಜೆಗೆ ತರುವ ‘ತಿರುವಿವಿಲಿಯಂ’ ಹಾಗೆ ಕಥೋಲಿಕರೂ ಪ್ರಾಟೆಸ್ಟೆಂಟರೂ ಸೇರಿ ಮಾಡಿದ ಅನುವಾದ, 1995ರಲ್ಲಿ ಬಂದದ್ದು. ಈ ಏಳು ಪುಸ್ತಕಗಳು ಅದರಲ್ಲಿ ಇವೆ. ಭಿನ್ನಾಭಿಪ್ರಾಯ ಇದ್ದೂ ಒಂದೇ ಮೇಜಿನಲ್ಲಿ ಕೂರಬಹುದು.

ನಾಲ್ಕನೆಯದು, ಸಮಾಧಿಯ ಬಳಿಗೆ ಬರಲು ಮನಸ್ಸಿಲ್ಲದ ಬಂಧುಗಳನ್ನು ಬಲವಂತ ಮಾಡುವುದು ಬೇಡ, ಚುಚ್ಚುವುದೂ ಬೇಡ. ಗೇಟಿನ ಹೊರಗೆ ನಿಂತವರನ್ನು ಮನೆಗೆ ಊಟಕ್ಕೆ ಕರೆಯೋಣ. ನಾವು ಏಕೆ ಪ್ರಾರ್ಥಿಸುತ್ತೇವೆ ಎಂದು ಕೇಳಿದರೆ ಯೂದನ ಕಥೆ ಹೇಳೋಣ: ಸತ್ತವರ ತಪ್ಪು ಕಣ್ಣಿಗೆ ಬಿದ್ದಾಗ ಅವನು ಅವರನ್ನು ಕೈಬಿಡಲಿಲ್ಲ.

ಗುಂಪು ಚರ್ಚೆಗೆ

1. ಜೆರೋಮರು ಒಪ್ಪದಿದ್ದರೂ ತೊಬೀತನ ಗ್ರಂಥವನ್ನು ಅನುವಾದಿಸಿದರು. ನಾವು ಒಪ್ಪದ ತೀರ್ಮಾನವೊಂದು ಧರ್ಮಕೇಂದ್ರದಲ್ಲಿ ಆದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ?

2. ಜೆರುಸಲೇಮಿನ ಸಭೆಯಲ್ಲಿ ತೀರ್ಮಾನಕ್ಕೆ ಮುಂಚೆ ಯಾರು ಯಾರು ಮಾತಾಡಿದರು, ಯಾರು ಕೇಳಿದರು? ನಮ್ಮ ಸಭೆಗಳಲ್ಲಿ ಯಾರ ಮಾತು ಕೇಳಿಸದೆ ಹೋಗುತ್ತದೆ?

3. ಮನೆಯಲ್ಲಿ ಅಜ್ಜಿ ತಾತ ಹೇಳುವ ಒಂದು ಪ್ರಾರ್ಥನೆಯನ್ನು ಕೇಳಿ ಬರೆದುಕೊಂಡು ಬನ್ನಿ. ಅದನ್ನು ನಿಮ್ಮ ತಮ್ಮ ತಂಗಿಯರಿಗೆ ಅರ್ಥವಾಗುವ ಹಾಗೆ ಹೇಳಲು ಪ್ರಯತ್ನಿಸಿ. ಎಲ್ಲಿ ಕಷ್ಟವಾಯಿತು?

ಮುಂದಿನ ಭಾನುವಾರ ಕನ್ನಡ ಪೂಜೆಯ ನಂತರ ಸೇರೋಣ. ಬರುವಾಗ ಮನೆಯಲ್ಲಿರುವ ಬೈಬಲ್ ತನ್ನಿ, 73 ಪುಸ್ತಕಗಳದ್ದಾದರೂ ಸರಿ, 66 ಪುಸ್ತಕಗಳದ್ದಾದರೂ ಸರಿ. ಕೇಳಿದ ಗೆಳೆಯನೂ ಬರುವುದಾದರೆ ಅವನಿಗೂ ಒಂದು ಕುರ್ಚಿ ಇರುತ್ತದೆ.